ದನದ ದಾರಿ ಹಿಡಿದು ತುರಹಳ್ಳಿಗೆ

ನಮ್ಮ ಮನೆಯ ತಾರಸಿಯಿಂದ ತುರಹಳ್ಳಿ ಗುಡ್ಡ, ಅಂದರೆ ಬೆಂಗಳೂರಿನ ದಕ್ಷಿಣಕ್ಕಿರುವ ತುರಹಳ್ಳಿ ಕಾಡಿನ ಗುಡ್ಡ, ಕಾಣುತ್ತದೆ. ಹನ್ನೊಂದು ವರ್ಷ ಬರೀ ಕಂಡಿದ್ದೇ ಬಂತು, ಒಮ್ಮೆಯೂ ನಡೆದು ಹೋಗಿರಲಿಲ್ಲ. ಹೋಗಬೇಕು ಅನಿಸಿದಾಗ ಕಾರು ತೆಗೆಯುತ್ತಿದ್ದೆವು. ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು, ಆಮೇಲೆ ಕಾಡಿನ ಹತ್ತಿರ ಪಾರ್ಕಿಂಗಿಗೆ ಪರದಾಡುತ್ತಿದ್ದೆವು. ವಾಕಿಂಗ್ ಮಾಡೋಕೆ ಕಾರಲ್ಲಿ ಹೋಗೋದು!

2021ರ ಸಂಕ್ರಾಂತಿ ಹೊತ್ತಿಗೆ ಮೆಟ್ರೋದ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಬಂತು. ಲಾಲ್‌ಬಾಗ್‌ನಲ್ಲಿ ಹತ್ತಿದವರು ಅದೇ ರೈಲಿನಲ್ಲಿ ವಾಜರಹಳ್ಳಿಗೆ ಬಂದಿಳಿಯಬಹುದು. ಅಲ್ಲಿಂದ ಪಶ್ಚಿಮಕ್ಕೆ ಗುಡ್ಡ, ಅಂದಾಜು ಎರಡು, ಎರಡೂವರೆ ಕಿಲೋಮೀಟರ್. ಮೆಟ್ರೋ ಬಂದ ಮರು ತಿಂಗಳೇ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯ ವಿರುದ್ಧ ಜನ ಸೇರಿದ್ದರು. ಕಾಡನ್ನು ಕಾಡಾಗಿಯೇ ಬಿಡಿ ಎನ್ನುವುದು ಅವರ ಮಾತು. ನಾನೂ ಹೋಗಿ ನಿಂತಿದ್ದೆ. ವಾಪಸ್ ಬರುವಾಗ ನಾಚಿಕೆಯಾಯಿತು. ಕಾಡು ಬೇಕು ಅಂತ ಕೂಗಿದವಳಿಗೆ ಕಾಡಿಗೆ ಹೋಗುವ ದಾರಿಯೇ ಗೊತ್ತಿರಲಿಲ್ಲ.

ಮೊದಲು ಮೊಬೈಲ್ ಮ್ಯಾಪ್ ನಂಬಿದೆ. ಅದು ತೋರಿಸಿದ್ದು ಕಾರಿನ ದಾರಿ. ಫುಟ್‌ಪಾತ್ ಇಲ್ಲ, ಇದ್ದಲ್ಲಿ ಟ್ರಾನ್ಸ್‌ಫಾರ್ಮರ್. ಒಂದು ಕಡೆ ಚರಂಡಿಯ ಮೇಲಿನ ಕಲ್ಲುಚಪ್ಪಡಿ ಮೂರು ಕಾಣೆಯಾಗಿದ್ದವು. ಯಾರೋ ಪುಣ್ಯಾತ್ಮರು ಆ ಗುಂಡಿಗೆ ತೆಂಗಿನ ಗರಿ ಸಿಕ್ಕಿಸಿದ್ದರು, ಎಚ್ಚರಿಕೆ ಅಂತ. ಗರಿ ಪೂರ್ತಿ ಒಣಗಿತ್ತು. ಅಂದರೆ ಗುಂಡಿಗೆ ಎಷ್ಟು ದಿನವಾಗಿತ್ತೋ ಲೆಕ್ಕ ಹಾಕಿ.

ದಾರಿ ಸಿಕ್ಕಿದ್ದು ಅರಳಿಕಟ್ಟೆಯಲ್ಲಿ. ಈ ಕಡೆಯ ಬಡಾವಣೆಗಳೆಲ್ಲ ಹಳೇ ಹಳ್ಳಿಗಳ ಹೊಲದ ಮೇಲೇ ಎದ್ದವು, ಅಲ್ವಾ? ಕಟ್ಟೆಯ ಮೇಲೆ ಕೂತಿದ್ದ ತಾತನನ್ನು ಸುಮ್ನೆ ಕೇಳಿದೆ, ‘ಮೊದಲು ಗುಡ್ಡಕ್ಕೆ ಹೆಂಗೆ ಹೋಗ್ತಿದ್ರಿ?’

‘ದನ ಹೊಡ್ಕೊಂಡು ಇಂಗೇ ಓಗ್ತಿದ್ವಿ ಕಣಮ್ಮ. ಈಗ ಕಾಂಪೌಂಡ್ ಎದ್ದೈತೆ’ ಎಂದು ಕೋಲು ಎತ್ತಿ ತೋರಿಸಿದರು.

ಮನೆಗೆ ಬಂದು ಕಂದಾಯ ಗ್ರಾಮದ ನಕಾಶೆ ಇಳಿಸಿಕೊಂಡೆ. ಈ ನಕಾಶೆಗಳು ಆನ್‌ಲೈನಿನಲ್ಲೇ ಸಿಗುತ್ತವೆ. ಅದರಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ತುಂಡು ತುಂಡು ಗೆರೆಯಲ್ಲಿ ಹಾಕಿರುತ್ತಾರೆ. ನಮ್ಮ ನಕಾಶೆಯಲ್ಲೂ ಊರಿಂದ ಗುಡ್ಡದ ಕಡೆಗೆ ಅಂಥದ್ದೊಂದು ಗೆರೆ ಹೋಗಿತ್ತು. ಆಮೇಲೆ ದಿಶಾಂಕ್ ಆ್ಯಪ್ ಹಾಕಿಕೊಂಡೆ. ನಾವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಒಂದು ಕೈಯಲ್ಲಿ ನಕಾಶೆಯ ಪ್ರಿಂಟು, ಇನ್ನೊಂದರಲ್ಲಿ ಮೊಬೈಲು. ಇಬ್ಬರು ‘ಸೈಟ್ ನೋಡ್ತಿದೀರಾ ಮೇಡಂ?’ ಅಂತ ಕೇಳಿದರು.

ನಾಲ್ಕು ಭಾನುವಾರ ಹಿಡಿಯಿತು. ಹಳೇ ದಾರಿಯ ಜಾಸ್ತಿ ಭಾಗ ಈಗ ಬಡಾವಣೆಯ ಒಳರಸ್ತೆ, ಹೊಂಗೆ ಮರದ ನೆರಳಿರುವ ರಸ್ತೆ. ನಡುವೆ ಎರಡು ಮನೆಗಳ ಗೋಡೆಯ ಸಂದಿಯಲ್ಲಿ ಒಂದು ಓಣಿ ಉಳಿದಿದೆ. ಅಲ್ಲಿಂದ ಮುಂದೆ ಮೂರೇ ಕಡೆ ದಾರಿ ತುಂಡಾಗಿತ್ತು. ನನಗೆ ಆಶ್ಚರ್ಯವಾಗಿದ್ದು ಇದೇ. ನಾನು ಹೊಸ ದಾರಿ ಹುಡುಕಲು ಹೊರಟವಳು. ಇಲ್ಲಿ ನೋಡಿದರೆ ಇದ್ದ ದಾರಿಯ ಮೂರು ಗಂಟು ಬಿಚ್ಚಿದರೆ ಸಾಕಿತ್ತು.

ಒಂದು ಕಡೆ ಕಟ್ಟಡದ ಕಸದ ರಾಶಿ. ವಾರ್ಡಿನವರಿಗೆ ಫೋಟೋ ಸಮೇತ ದೂರು ಕೊಟ್ಟೆವು, ಮೂರನೇ ದೂರಿಗೆ ಎತ್ತಿದರು. ಇನ್ನೊಂದು ಕಡೆ ಕಾಲುವೆ ದಾಟಬೇಕು. ಅಲ್ಲಿ ಎರಡು ಚಪ್ಪಡಿ ಹಾಕಿಸೋಕೆ ಬೀದಿಯವರೆಲ್ಲ ಸೇರಿ ದುಡ್ಡು ಹಾಕಿದೆವು. ಮೂರನೆಯದು ಬೀಗ ಹಾಕಿದ ಗೇಟು. ಅದರ ಕಥೆ ಆಮೇಲೆ.

ನಾನು ಮಾಡಿದ ದೊಡ್ಡ ತಪ್ಪು ಬಾಣದ ಗುರುತು. ಉತ್ಸಾಹದಲ್ಲಿ ಗೋಡೆಗಳ ಮೇಲೆ ಹಳದಿ ಬಣ್ಣದಲ್ಲಿ ಬಾಣ ಬರೆದೆ, ಯಾರನ್ನೂ ಕೇಳಲಿಲ್ಲ. ಮಾರನೇ ದಿನ ಒಬ್ಬರು ಮನೆಗೇ ಬಂದು ಬೈದರು. ಬೈದದ್ದು ಸರಿಯಾಗೇ ಇತ್ತು. ಸುಣ್ಣ ತಂದು ನಾನೇ ಅಳಿಸಿದೆ. ಈಗ ಬಾಣ ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ದಾರಿ ಸೇರಿಸಬಹುದು, ಅಲ್ಲಿ ಓಣಿಯನ್ನೂ ಚಪ್ಪಡಿಯನ್ನೂ ಸೇರಿಸಿದ್ದೇನೆ. ಜೊತೆಗೆ ಕೈಯಲ್ಲಿ ಬರೆದ ಒಂದು ಹಾಳೆಯ ಜೆರಾಕ್ಸ್ ಹಂಚುತ್ತೇವೆ: ‘ಹಾಲಿನ ಬೂತ್ ದಾಟಿ ಎಡಕ್ಕೆ, ನಾಗರಕಲ್ಲು ಬಂದಾಗ ಬಲಕ್ಕೆ.’ ಆ್ಯಪಿಗಿಂತ ಈ ಹಾಳೆಗೇ ಬೇಡಿಕೆ.

ದಾರಿಗೆ ಪರೀಕ್ಷೆ ಮಾಡಿದವರು ನಮ್ಮತ್ತೆ. ವಯಸ್ಸು 71, ಮೊಣಕಾಲು ನೋವು. ನಾನು ಅಂತರ ಅಳೆಯುತ್ತಿದ್ದರೆ ಅವರು ಕೂರುವ ಜಾಗ ಎಣಿಸುತ್ತಿದ್ದರು. ‘ಕಟ್ಟೆ ಒಂದು, ಅಂಗಡಿ ಬೆಂಚು ಎರಡು. ಆಮೇಲೆ ಗುಡ್ಡದವರೆಗೂ ಏನೂ ಇಲ್ಲ. ನನ್ನಂಥವರು ಏನು ರಸ್ತೇಲಿ ಕೂರ್ಬೇಕಾ?’ ಅಂದರು. ನನಗೆ ಹೊಳೆದೇ ಇರಲಿಲ್ಲ. ಆ ಉದ್ದದಲ್ಲಿ ಒಬ್ಬರು ತಮ್ಮ ಗೇಟಿನ ಹೊರಗೆ ಕಲ್ಲುಬೆಂಚು ಹಾಕಿಸಿಕೊಟ್ಟರು. ಹಳದಿ ಬಾಣಕ್ಕೆ ಬೈದವರೇ ಅವರು.

ಕಾಡಿನೊಳಗೆ ನಾವು ಏನೂ ಮಾಡಿಲ್ಲ, ಮಾಡಲೂಬಾರದು. ಒಳಗೆ ಬಿಡುವ ಹೊತ್ತು, ನಿಯಮ ಬದಲಾಗಬಹುದು, ಗೇಟಿನಲ್ಲಿ ಕೇಳಿಕೊಂಡೇ ಹೋಗಿ. ಬೆಳಿಗ್ಗೆ ಬೇಗ ಹೊರಟರೆ ನವಿಲಿನ ಕೂಗು ದೂರದಿಂದಲೇ ಕೇಳುತ್ತದೆ.

ಬೀಗದ ಗೇಟು ಹಾಗೇ ಇದೆ. ನಕಾಶೆಯ ಪ್ರಕಾರ ಅದು ಬಂಡಿದಾರಿ, ಅಂದರೆ ಸಾರ್ವಜನಿಕರಿಗೆ ಸೇರಿದ ಜಾಗ, ಕಂದಾಯದವರ ಮಾತಲ್ಲಿ ‘ಬ ಖರಾಬು’, ಎನ್ನುವುದು ನಮ್ಮ ವಾದ. ‘ಸೆಕ್ಯುರಿಟಿ ಪ್ರಾಬ್ಲಂ’ ಎನ್ನುವುದು ಒಳಗಿನವರ ವಾದ. ಅಳತೆಗೆ ಅರ್ಜಿ ಹಾಕಿದ್ದೇವೆ. ಅಲ್ಲಿಯವರೆಗೆ ಕಲ್ಲುಬೆಂಚಿನ ಹತ್ತಿರ ಎಡಕ್ಕೆ ತಿರುಗಿ ಸುತ್ತಿಕೊಂಡು ಹೋಗಿ. ಏಳು ನಿಮಿಷ ಜಾಸ್ತಿ. ನಮ್ಮತ್ತೆಯ ಜೊತೆಗಾದರೆ ಹದಿನೈದು.