ದಾಳಿಂಬೆ ಸಿಪ್ಪೆಯಿಂದ ಬೆಳ್ಳಿ ನ್ಯಾನೊಕಣ: ಬಣ್ಣ ಬಂದರಷ್ಟೇ ಸಾಲದು

ಜ್ಯೂಸ್ ಅಂಗಡಿಯವರು ದಿನಾ ಬುಟ್ಟಿಗಟ್ಟಲೆ ಬಿಸಾಡುವ ದಾಳಿಂಬೆ ಸಿಪ್ಪೆಯಿಂದಲೇ ಬೆಳ್ಳಿಯ ನ್ಯಾನೊಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣ, ಮಾಡಬಹುದು. ಬಿಎಸ್ಸಿ, ಎಂಎಸ್ಸಿ ಪ್ರಾಜೆಕ್ಟಿಗೆ ಒಳ್ಳೆಯ ಕೆಲಸ. ಕಾಲೇಜಿನ ಲ್ಯಾಬಿನಲ್ಲೇ ಮಾಡಿ, ಅಡುಗೆಮನೆಯಲ್ಲಿ ಬೇಡವೇ ಬೇಡ.

ಸಿಪ್ಪೆ ತೊಳೆದು, ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಪುಡಿ ಮಾಡಿಕೊಳ್ಳಿ. 5 ಗ್ರಾಂ ಪುಡಿಯನ್ನು 100 ಮಿ.ಲೀ. ಡಿಸ್ಟಿಲ್ಡ್ ನೀರಲ್ಲಿ 60 ಡಿಗ್ರಿ ಬಿಸಿಗೆ ಅರ್ಧ ಗಂಟೆ ಇಟ್ಟು, ಆರಿದ ಮೇಲೆ ಫಿಲ್ಟರ್ ಪೇಪರಲ್ಲಿ ಸೋಸಿ. ಈ ಕಷಾಯದಲ್ಲಿರುವ ಟ್ಯಾನಿನ್‌ನಂಥ ವಸ್ತುಗಳೇ ಬೆಳ್ಳಿ ಅಯಾನನ್ನು (ನೀರಲ್ಲಿ ಕರಗಿರುವ, ವಿದ್ಯುದಾವೇಶ ಹೊತ್ತ ಬೆಳ್ಳಿ) ಲೋಹದ ಬೆಳ್ಳಿಯಾಗಿಸುತ್ತವೆ, ಕಣಗಳು ಒಂದಕ್ಕೊಂದು ಅಂಟದಂತೆ ಸುತ್ತುವರಿದು ಕಾಯುವುದೂ ಅವೇ. ಫ್ರಿಜ್ಜಿನಲ್ಲಿಟ್ಟು ಬೇಗ ಬಳಸಿ, ಇಲ್ಲದಿದ್ದರೆ ಬೂಸ್ಟು ಬರುತ್ತೆ.

ಬೆಳ್ಳಿ ಅಯಾನು ಸಿಗುವುದು ಸಿಲ್ವರ್ ನೈಟ್ರೇಟ್ ಲವಣದಿಂದ. ಅದನ್ನು 0.17 ಗ್ರಾಂ ತೆಗೆದುಕೊಂಡು ಡಿಸ್ಟಿಲ್ಡ್ ನೀರಲ್ಲಿ ಕರಗಿಸಿ 1 ಲೀಟರ್ ಮಾಡಿದರೆ 1 ಮಿಲಿಮೋಲಾರ್ ದ್ರಾವಣ. ಕಂದು ಬಾಟಲಿಯಲ್ಲಿಡಿ. ಗ್ಲೌಸ್, ಕನ್ನಡಕ ಬೇಕೇ ಬೇಕು, ಕೈಗೆ ತಾಗಿದರೆ ಕಪ್ಪು ಕಲೆ ಎಷ್ಟು ಉಜ್ಜಿದರೂ ಹೋಗಲ್ಲ. ನಲ್ಲಿ ನೀರು ಸೇರಿಸಿದರೆ ಅದರಲ್ಲಿರುವ ಕ್ಲೋರೈಡಿನಿಂದ ಬೆಳ್ಳಗೆ ಮಬ್ಬಾಗುತ್ತೆ, ಆಗ ಅದನ್ನು ಬಿಟ್ಟು ಹೊಸದಾಗಿ ಮಾಡಿ.

ಈ ದ್ರಾವಣ 90 ಮಿ.ಲೀ. ತೆಗೆದುಕೊಂಡು, ಕಲಕುತ್ತಾ 10 ಮಿ.ಲೀ. ಕಷಾಯವನ್ನು ಹನಿಹನಿಯಾಗಿ ಬಿಡಿ. ತಿಳಿ ಹಳದಿ ನಿಧಾನಕ್ಕೆ ಜೇನಿನ ಬಣ್ಣಕ್ಕೆ ತಿರುಗಿ, ಆಮೇಲೆ ಕೆಂಗಂದು ಆಗುತ್ತೆ. ಬೂದು ಬಣ್ಣ ಬಂದು ತಳದಲ್ಲಿ ಗಷ್ಟು ಕೂತರೆ ಕಣಗಳು ಗುಂಪುಗೂಡಿವೆ ಅಂತ ಅರ್ಥ. ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತೆ ಅಂತ ಅಳೆಯುವ ಯುವಿ-ವಿಸಿಬಲ್ ಯಂತ್ರದಲ್ಲಿ 400ರಿಂದ 450 ನ್ಯಾನೊಮೀಟರ್ ತರಂಗಾಂತರದ ನಡುವೆ ಶಿಖರ ಕಾಣಬೇಕು.

ಸುಮಾರು ಜನ ಇಲ್ಲಿಗೇ ನಿಲ್ಲಿಸಿ, ಕಣಗಳು ಬ್ಯಾಕ್ಟೀರಿಯಾ ಕೊಲ್ಲುತ್ತವೆ ಅಂತ ತೋರಿಸಲು ಆ ಕಂದು ನೀರನ್ನೇ ಬ್ಯಾಕ್ಟೀರಿಯಾ ಮೇಲೆ ಹಾಕಿ ಫೋಟೋ ತೆಗೆದುಬಿಡುತ್ತಾರೆ. ಅದು ಸರಿಯಲ್ಲ. ಮಿಕ್ಕ ಬೆಳ್ಳಿ ಅಯಾನೂ ಬ್ಯಾಕ್ಟೀರಿಯಾ ಕೊಲ್ಲುತ್ತೆ, ದಾಳಿಂಬೆ ಸಿಪ್ಪೆಗೂ ಆ ಗುಣ ಇದೆ. ಹಾಗಿರುವಾಗ ಕೊಂದಿದ್ದು ನಿಮ್ಮ ಕಣಗಳೇ ಅಂತ ಹೇಗೆ ಹೇಳ್ತೀರಿ, ಅಲ್ವಾ? ಅದಕ್ಕೇ ಮೊದಲು ಸೆಂಟ್ರಿಫ್ಯೂಜಿನಲ್ಲಿ (ಜೋರಾಗಿ ತಿರುಗಿಸಿ ಕಣಗಳನ್ನು ತಳಕ್ಕಿಳಿಸುವ ಯಂತ್ರ) 10,000 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತಿನಂತೆ, 15 ನಿಮಿಷ ತಿರುಗಿಸಿ, ಮೇಲಿನ ನೀರು ತೆಗೆದು, ಡಿಸ್ಟಿಲ್ಡ್ ನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ಆಮೇಲೆ ಮ್ಯೂಲರ್-ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಆಹಾರ) ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ, ನಾಲ್ಕು ಗುಳಿ ಮಾಡಿ. ಒಂದಕ್ಕೆ ಕಣಗಳು, ಒಂದಕ್ಕೆ ಅಷ್ಟೇ ತೆಳುವಾಗಿಸಿದ ಬರೀ ಕಷಾಯ, ಒಂದಕ್ಕೆ ಬರೀ ಸಿಲ್ವರ್ ನೈಟ್ರೇಟ್, ಇನ್ನೊಂದಕ್ಕೆ ಸುಮ್ನೆ ನೀರು. 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಪ್ರತಿ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ತಿಳಿ ವಲಯವನ್ನು ಮಿಲಿಮೀಟರಲ್ಲಿ ಅಳೆದು, ನಾಲ್ಕನ್ನೂ ವರದಿಯಲ್ಲಿ ಬರೆಯಿರಿ. ಬರೀ ಕಷಾಯವೇ ಗೆದ್ದಿದ್ದರೆ ಅದನ್ನೂ ಹಾಗೇ ಬರೆಯಿರಿ.

ಈ ದ್ರಾವಣವನ್ನು ಕುಡಿಯುವುದು, ಗಾಯಕ್ಕೆ ಹಚ್ಚುವುದು ಬೇಡ. ತಟ್ಟೆಗಳನ್ನು ಆಟೋಕ್ಲೇವ್ ಮಾಡಿದ (ಒತ್ತಡದ ಬಿಸಿ ಹಬೆಯಲ್ಲಿ ಬ್ಯಾಕ್ಟೀರಿಯಾ ಕೊಂದ) ಮೇಲೇ ಎಸೆಯಿರಿ. ಉಳಿದ ಸಿಲ್ವರ್ ನೈಟ್ರೇಟನ್ನು ಸಿಂಕಿಗೆ ಸುರಿಯದೆ, ಉಪ್ಪು ನೀರು ಹಾಕಿ ತಳ ಕೂತ ಬಿಳಿ ಸಿಲ್ವರ್ ಕ್ಲೋರೈಡನ್ನು ಸೋಸಿ ಲ್ಯಾಬಿನ ರಾಸಾಯನಿಕ ಕಸದ ಡಬ್ಬಕ್ಕೆ ಕೊಡಿ.