ತವರಿನ ಪಟ್ಟಿ: ಸಾಮಾನ್ಯ ಸ್ಥಾನದಲ್ಲಿ ನಾನು ಗೆದ್ದ ಬಗೆ

2015ರ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ನಾನು ಸೋತದ್ದು ನಲವತ್ತರ ಆಸುಪಾಸು ಮತಗಳಿಂದ. ಕಳೆದುಕೊಂಡದ್ದು ಎಂಬತ್ತು ಸಾವಿರದಷ್ಟು ಹಣ ಮತ್ತು ತವರಿನಿಂದ ತಂದ ಎರಡು ತೊಲೆಯ ಸರ. ಮಹಿಳಾ ಮೀಸಲು ಸ್ಥಾನವಾಗಿದ್ದರೂ ಅದು ನನ್ನ ಚುನಾವಣೆಯಾಗಿರಲಿಲ್ಲ. ಜೀಪು ಯಾವ ಓಣಿಗೆ ಹೋಗಬೇಕು, ಯಾರ ಮನೆಯಲ್ಲಿ ಊಟ ಹಾಕಿಸಬೇಕು ಎಂಬುದನ್ನೆಲ್ಲ ಮನೆಯವರು ಗೆಳೆಯರೊಂದಿಗೆ ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸುತ್ತಿದ್ದರು. ಕರಪತ್ರದಲ್ಲೂ ನನ್ನ ಹೆಸರಿಗಿಂತ ಅವರ ಹೆಸರೇ ದಪ್ಪ ಅಕ್ಷರದಲ್ಲಿತ್ತು. 1987ರಲ್ಲಿ, ಶೇ 25ರ ಮೀಸಲಾತಿಯಲ್ಲಿ ಮಂಡಲ ಪಂಚಾಯತಿ ಸದಸ್ಯೆಯಾಗಿದ್ದ ನನ್ನ ಅತ್ತೆಯವರು ಮನೆಗೇ ಬರುತ್ತಿದ್ದ ಠರಾವು ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರಂತೆ. ಮೀಸಲಾತಿ ಶೇ 50ಕ್ಕೆ ಏರಿದ ಮೇಲೆ ನಾನು ಜೀಪಿನಲ್ಲಿ ಕೈಮುಗಿದು ನಿಂತೆ, ಅಷ್ಟೇ ವ್ಯತ್ಯಾಸ.

2020ರಲ್ಲಿ ನೂರು ರೂಪಾಯಿ ಠೇವಣಿ ಕಟ್ಟಿ ಸಾಮಾನ್ಯ ಸ್ಥಾನಕ್ಕೇ ನಾಮಪತ್ರ ಹಾಕಿದಾಗ, "ಹೆಣ್ಮಕ್ಕಳ ಸೀಟಿನ್ಯಾಗೇ ಬರಲಿಲ್ಲ, ಇನ್ನ ಜನರಲ್‌ನ್ಯಾಗ ಹ್ಯಾಂಗ ಬರ್ತೀರಿ ವೈನಿ?" ಎಂದು ಮೈದುನನೇ ನಕ್ಕ.

ಮತದಾರರ ಪಟ್ಟಿಯನ್ನು ನಮ್ಮ ಗಂಡಸರು ಓದುವುದು ಜಾತಿ ಮತ್ತು ಮನೆತನದ ಲೆಕ್ಕದಲ್ಲಿ. ನಾನು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಸೊಸೆಯಂದಿರ ಹೆಸರುಗಳನ್ನೆಲ್ಲ ಅವರ ತವರೂರಿನ ಪ್ರಕಾರ ಮತ್ತೆ ಬರೆದೆ. ಕಡಗಂಚಿಯವರು ಒಂದು ಪುಟ, ನಿಂಬರ್ಗಾದವರು ಒಂದು, ಅಕ್ಕಲಕೋಟ ಕಡೆಯಿಂದ ಬಂದವರು ಎರಡೂವರೆ ಪುಟ. ಒಟ್ಟು ಸಾವಿರದ ನೂರರಷ್ಟು ಮತಗಳಲ್ಲಿ ಸುಮಾರು ಮುನ್ನೂರೈವತ್ತು ಸೊಸೆಯಂದಿರಿದ್ದರು, ಮತ್ತು ಬೇರೆ ಬೇರೆ ಜಾತಿಯ ಮನೆಗಳಿಗೆ ಬಂದವರಾದರೂ ಒಂದೇ ಊರಿನ ಹೆಣ್ಣುಮಕ್ಕಳು ಬಾವಿಕಟ್ಟೆಯಲ್ಲಿ ಒಬ್ಬರಿಗೊಬ್ಬರು ಅಕ್ಕ-ತಂಗಿಯರೇ ಎಂಬುದು ಕಟ್ಟೆಯ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಮೊದಲ ಪಟ್ಟಿ ಕೆಟ್ಟಿತು. ಒಂದೇ ಊರಿನ ಇಬ್ಬರನ್ನು ಒಂದೇ ಪಡಸಾಲೆಯಲ್ಲಿ ಕೂಡಿಸಿದೆ. ಹೊಲದ ಬದುವಿನ ಜಗಳದಿಂದ ಆ ಎರಡು ತವರುಮನೆಗಳ ನಡುವೆ ಹತ್ತು ವರ್ಷದಿಂದ ಮಾತಿರಲಿಲ್ಲ. ಚಹಾ ಮುಟ್ಟದೆ ಇಬ್ಬರೂ ಎದ್ದುಹೋದರು, ಅವರ ಹಿಂದೆ ಹತ್ತು ಹನ್ನೆರಡು ಮತಗಳೂ ಹೋದವು. ಆಮೇಲೆ ಪ್ರತಿ ಪುಟದ ಅಂಚಿನಲ್ಲಿ "ಮಾತಿಲ್ಲ" ಎಂಬ ಒಂದು ಕಾಲಮ್ಮು ಎಳೆದೆ.

ಡಿಸೆಂಬರ್ ತೊಗರಿ ಕೊಯ್ಲಿನ ಹೊತ್ತು, ಮನೆ ಮನೆಗೆ ಹೋದರೆ ಬಾಗಿಲಿಗೆ ಬೀಗ. ಕುಡುಗೋಲು ಹಿಡಿದು ಹೊಲಕ್ಕೇ ಹೋಗಿ, ಎರಡು ಸಾಲು ಕೊಯ್ದು, ರೊಟ್ಟಿ ಬಿಚ್ಚುವ ಹೊತ್ತಿಗೆ ಮಾತು ತೆಗೆಯುತ್ತಿದ್ದೆ. ಕೇಳುತ್ತಿದ್ದದ್ದು ಇಷ್ಟೇ: ನಮ್ಮ ಕ್ಷೇತ್ರಕ್ಕೆ ನಾಲ್ಕು ಸ್ಥಾನ, ಪ್ರತಿಯೊಬ್ಬರಿಗೆ ನಾಲ್ಕು ಮುದ್ರೆ, ಮೂರನ್ನು ನಿಮ್ಮ ಯಜಮಾನರು ಹೇಳಿದವರಿಗೆ ಹಾಕಿರಿ, ಒಂದು ನನ್ನ ಗುರುತು ಹೊಲಿಗೆ ಯಂತ್ರಕ್ಕಿರಲಿ. ಮನೆಯಲ್ಲಿ ಜಗಳವಾಗದ ಮತ ಅದೊಂದೇ. ನಾಲ್ಕಕ್ಕಿಂತ ಹೆಚ್ಚು ಮುದ್ರೆ ಬಿದ್ದರೆ ಮತಪತ್ರವೇ ತಿರಸ್ಕೃತವಾಗುವುದರಿಂದ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು, ಕುಂಕುಮದ ಬೆರಳಿನಿಂದ ಮುದ್ರೆ ಹಾಕುವುದನ್ನು ಕಲಿಸಿದೆ. ಮುದುಕಿಯರು ನಕ್ಕರೂ ಚೆನ್ನಾಗಿ ಕಲಿತರು.

ನಡುವೆ ವಾಟ್ಸ್ಯಾಪ್‌ನಲ್ಲಿ ನನ್ನ ದನಿಯ ಸಂದೇಶ ಕಳಿಸಿ ನೋಡಿದೆ. ಫೋನುಗಳೆಲ್ಲ ಗಂಡಸರ ಕಿಸೆಯಲ್ಲಿದ್ದುದರಿಂದ ಅದನ್ನು ಮೊದಲು ಕೇಳಿದವರು ಎದುರಾಳಿಯ ಕಡೆಯವರೇ. ಎರಡು ದಿನದಲ್ಲಿ ಕೈಬಿಟ್ಟೆ. ಗುಳೆ ಹೋದವರನ್ನು ಪುಣೆ, ಹೈದರಾಬಾದಿನಿಂದ ಕರೆಸಲು ಬೇರೆಯವರು ಗಾಡಿ ಮಾಡಿದರು. ಅಷ್ಟು ಹಣ ನನ್ನಲ್ಲಿರಲಿಲ್ಲ. ಅವರ ಗಾಡಿಯಲ್ಲಿ ಬಂದವರ ಹೆಂಡಂದಿರೂ ನನ್ನ ಪಟ್ಟಿಯಲ್ಲಿದ್ದರು. ಕೊನೆಯ ಎರಡು ರಾತ್ರಿ ನೋಟುಬುಕ್ಕು ಯಾರ ಯಾರ ಕೈಯಲ್ಲಿ ತಿರುಗಿತು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಇನ್ನೂ ಚುನಾವಣೆಗಳಿವೆ.

ಡಿಸೆಂಬರ್ 30ರ ಎಣಿಕೆಯಲ್ಲಿ ಅರವತ್ತರಷ್ಟು ಮತಗಳಿಂದ ಗೆದ್ದೆ. ಖರ್ಚು ಹನ್ನೊಂದು ಸಾವಿರ ದಾಟಿರಲಿಲ್ಲ, ಅದರಲ್ಲೂ ಹೆಚ್ಚಿನದು ಚಹಾಪುಡಿ ಮತ್ತು ಸಕ್ಕರೆಗೆ ಹೋಯಿತು. ಮೊದಲ ಸಭೆಯ ದಿನ ಮನೆಯವರು ಇಸ್ತ್ರಿ ಅಂಗಿ ತೊಟ್ಟು ಮೋಟಾರ್ ಸೈಕಲ್ ಹೊರಗೆ ತೆಗೆದರು. "ಬಿಟ್ಟು ಬರ್ರಿ, ಒಳಗ ಬರಬ್ಯಾಡ್ರಿ" ಎಂದೆ. ಅವರು ಹೊರಗೆ ಬೇವಿನ ಮರದ ಕೆಳಗೆ ಎರಡು ಗಂಟೆ ಕೂತಿದ್ದರು.

ನಾನು ಜಿಲ್ಲಾ ಪಂಚಾಯತಿಗೂ ಪಟ್ಟಿ ಬರೆಯತೊಡಗಿದ್ದೆ. 2021ರಲ್ಲಿ ಅವಧಿ ಮುಗಿದರೂ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಅಷ್ಟರಲ್ಲಿ ನಮ್ಮ ಓಣಿಗೇ ಎಂಟು ಹೊಸ ಸೊಸೆಯಂದಿರು ಬಂದರು, ಕಡಗಂಚಿಯ ಪುಟದಲ್ಲಿ ಜಾಗ ಉಳಿದಿಲ್ಲ.