ಮಳೆಗಾಲದಲ್ಲಿ ಮನೆಯೊಳಗೇ ನಾಯಿಗೆ ಪಾಠ, ಆಟ ಮತ್ತು ವ್ಯಾಯಾಮ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡುಗಳಲ್ಲಿ ನಾಯಿಯನ್ನು ಹೊತ್ತುಹೊತ್ತಿಗೆ ಹೊರಗೆ ಕರೆದೊಯ್ಯುವುದು ಕಷ್ಟ. ಬೆಂಗಳೂರಿನಂಥ ಊರಿನಲ್ಲಿ ಸರಿಯಾಗಿ ಸುತ್ತಾಟದ ವೇಳೆಗೇ ಸಂಜೆಯ ಮಳೆ ಹಿಡಿದುಕೊಳ್ಳುತ್ತದೆ. ರಸ್ತೆಯಲ್ಲಿ ನಿಂತ ನೀರಿಗೆ ಇಲಿಯ ಮೂತ್ರ ಸೇರಿದ್ದರೆ ಇಲಿಜ್ವರ ನಾಯಿಗೂ ತಗಲುತ್ತದೆ, ನಾಯಿಯಿಂದ ಮನೆಯವರಿಗೂ ದಾಟಬಲ್ಲದು. ಹಾಗಾಗಿ ಮಳೆಗಾಲಕ್ಕೆ ಮುಂಚೆ ಆ ಲಸಿಕೆ ಆಗಿದೆಯೇ ಎಂದು ಪಶುವೈದ್ಯರಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮಲಮೂತ್ರಕ್ಕಾಗಿ ಹೊರಗೆ ಹೋಗುವುದಂತೂ ತಪ್ಪುವುದಿಲ್ಲ. ಆದರೆ ಒಂದು ಗಂಟೆಯ ಸುತ್ತಾಟ ಹತ್ತು ನಿಮಿಷಕ್ಕೆ ಇಳಿದಾಗ ಉಳಿದ ಚೈತನ್ಯವೆಲ್ಲ ಮನೆಯೊಳಗೇ ಎಲ್ಲಾದರೊಂದು ಕಡೆ ಖರ್ಚಾಗಬೇಕಾಗುತ್ತದೆ. ಚಪ್ಪಲಿ ಕಚ್ಚುವುದು, ಲಿಫ್ಟಿನ ಸದ್ದಿಗೆಲ್ಲ ಬೊಗಳುವುದು, ಸೋಫಾದ ಮೂಲೆ ಕೆದರುವುದು ಶುರುವಾಗುವುದು ಆಗಲೇ. ಇದನ್ನು ಹಟಮಾರಿತನವೆಂದು ತಿಳಿದು ಗದರುವವರೇ ಹೆಚ್ಚು. ಕೆಲಸ ಸಿಗದ ನಾಯಿ ತಾನೇ ಒಂದು ಕೆಲಸ ಹುಡುಕಿಕೊಂಡಿದೆ, ಅಷ್ಟೆ.

ಇಂಥ ದಿನಗಳಲ್ಲಿ ಬಹುತೇಕ ಮನೆಗಳಲ್ಲಿ ನಡೆಯುವುದು ಹಜಾರದಲ್ಲಿ ಚೆಂಡೆಸೆಯುವ ಆಟ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಚೆಂಡಿನ ಹಿಂದೆ ಓಡಿದ ನಾಯಿ ನುಣುಪಾದ ಟೈಲ್ಸ್ ಮೇಲೆ ತಿರುಗುವಾಗ ಜಾರಿ, ಹಿಂಗಾಲಿನ ಮಂಡಿಯ ಕಟ್ಟಿಗೆ ಪೆಟ್ಟು ಮಾಡಿಕೊಳ್ಳುವ ಸಂಭವವಿದೆ. ಅದಕ್ಕಿಂತ ಮುಖ್ಯವಾಗಿ, ಅರ್ಧ ಗಂಟೆ ಚೆಂಡೆಸೆದ ಮೇಲೂ ಅದರ ಉಮೇದು ಇಳಿಯುವುದಿಲ್ಲ, ಬದಲಿಗೆ ಏರಿ ಕುಳಿತಿರುತ್ತದೆ. ಮೂಗಿಗೂ ತಲೆಗೂ ಕೆಲಸ ಕೊಟ್ಟರೆ ಹದಿನೈದು ನಿಮಿಷದಲ್ಲಿ ಅದೇ ನಾಯಿ ತಾನಾಗಿ ಹೋಗಿ ಮಲಗುತ್ತದೆ. ಮನೆಯೊಳಗಿನ ದಿನಚರಿಯಲ್ಲಿ ಮೊದಲ ಸ್ಥಾನ ಮೂಗಿಗೆ, ಎರಡನೆಯದು ಪಾಠಕ್ಕೆ, ಕಾಲುಗಳ ಸರದಿ ಆಮೇಲೆ.

ಮೂಗಿಗೆ ಕೆಲಸ

ದಿನದ ಊಟದ ಸುಮಾರು ಅರ್ಧ ಭಾಗವನ್ನು ಬಟ್ಟಲಿಗೆ ಹಾಕದೆ ಎತ್ತಿಡುವುದರಿಂದ ಆರಂಭಿಸಬಹುದು. ಒಣ ಆಹಾರ ಕೊಡುವವರಿಗೆ ಇದು ಸುಲಭ. ಮನೆಯ ಅಡುಗೆಯನ್ನೇ ಹಾಕುವವರು ಉಪ್ಪಿಲ್ಲದೆ ಬೇಯಿಸಿದ ಕೋಳಿ ಮಾಂಸದ ಚೂರು, ಬೇಯಿಸಿದ ಮೊಟ್ಟೆ, ಪನೀರ್, ಕ್ಯಾರೆಟ್, ಸಿಹಿಗುಂಬಳ, ಸೌತೆಕಾಯಿ ಇವುಗಳಲ್ಲಿ ನಾಯಿಗೆ ಹಿಡಿಸುವುದನ್ನು ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿಟ್ಟುಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ, ದ್ರಾಕ್ಷಿಯೂ ಒಣದ್ರಾಕ್ಷಿಯೂ ಮೂತ್ರಪಿಂಡಕ್ಕೆ ಕುತ್ತು ತರಬಲ್ಲವು. ಆದ್ದರಿಂದ ಸಾಂಬಾರಿನ ಅನ್ನವನ್ನಾಗಲಿ, ಪಾಯಸದಿಂದ ಆರಿಸಿದ ದ್ರಾಕ್ಷಿಯನ್ನಾಗಲಿ ಪ್ರೀತಿಗೂ ಕೊಡಬಾರದು. ಚಾಕೊಲೇಟ್ ಕೂಡ ವಿಷವೇ, ಸಕ್ಕರೆರಹಿತ ತಿನಿಸುಗಳಲ್ಲಿ ಸಿಹಿಗಾಗಿ ಬಳಸುವ ಕ್ಸೈಲಿಟಾಲ್ ಕೂಡ ಹಾಗೆಯೇ. ಬೇಯಿಸಿದ ಮೂಳೆ ಸೀಳಿ ಚೂಪಾಗುವುದರಿಂದ ಅದೂ ಬೇಡ.

ಮೊದಲ ಪಾಠದಲ್ಲಿ ನಾಯಿ ನೋಡುತ್ತಿರುವಾಗಲೇ ಒಂದು ಚೂರನ್ನು ಕುರ್ಚಿಯ ಕಾಲಿನ ಹಿಂದೆ ಇಟ್ಟು, ‘ಹುಡುಕು’ ಎಂದು ಒಮ್ಮೆ ಹೇಳಿ ಬಿಡಬೇಕು. ಅದು ತಿಂದು ತಿರುಗಿ ನಿಮ್ಮತ್ತ ನೋಡಿದಾಗ ಮತ್ತೊಂದನ್ನು ಬೇರೆ ಕಡೆ ಇಡಬೇಕು. ಮೂರ್ನಾಲ್ಕು ದಿನ ಹೀಗೆ ಮಾಡಿದ ಮೇಲೆ ನಾಯಿಯನ್ನು ಕೋಣೆಯ ಹೊರಗೆ ನಿಲ್ಲಿಸಿ, ನಾಲ್ಕೈದು ಕಡೆ ಚೂರುಗಳನ್ನಿಟ್ಟು ಒಳಗೆ ಬಿಡಿ. ಬಾಗಿಲಲ್ಲೇ ಅದು ತಲೆ ತಗ್ಗಿಸಿ, ಹೊಳ್ಳೆಗಳನ್ನು ಅಲುಗಿಸುತ್ತ, ಸಣ್ಣ ಸಣ್ಣ ಸದ್ದಿನ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ವಾಸನೆಯ ಜಾಡನ್ನು ದಾಟಿಹೋದಾಗ ಥಟ್ಟನೆ ತಲೆ ಹಿಂದಕ್ಕೆ ತಿರುಗಿಸುತ್ತದೆ. ಆ ಹೊತ್ತಿನಲ್ಲಿ ನಾವು ‘ಅಲ್ಲಿ ನೋಡು, ಇಲ್ಲಿ ನೋಡು’ ಎಂದು ಬೆರಳು ತೋರಿಸುತ್ತ ಹೋದರೆ ನಾಯಿ ಮೂಗನ್ನು ಬಿಟ್ಟು ನಮ್ಮ ಕೈಯನ್ನು ನೋಡತೊಡಗುತ್ತದೆ, ಆಟದ ಉದ್ದೇಶವೇ ಹಾಳಾಗುತ್ತದೆ. ಒಂದೆರಡು ನಿಮಿಷ ಹುಡುಕಿಯೂ ಸಿಗದೆ ಸೋತು ನಿಂತರೆ ಮಾತ್ರ ಹತ್ತಿರ ಹೋಗಿ ನಿಂತು ಸುಳಿವು ಕೊಡಬಹುದು.

ಆಟಿಕೆಗಳಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಅಡುಗೆಮನೆಯ ಅಟ್ಟವನ್ನು ಒಮ್ಮೆ ನೋಡಿಕೊಳ್ಳಬೇಕು. ಬಳಕೆ ತಪ್ಪಿದ ಪಡ್ಡಿನ ಹಂಚು ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಎಣ್ಣೆಯ ಜಿಡ್ಡು ಹೋಗುವಂತೆ ತೊಳೆದು, ಗುಳಿಗಳಲ್ಲಿ ಒಂದೊಂದು ಚೂರು ಹಾಕಿ, ಮೇಲೆ ಟೆನಿಸ್ ಚೆಂಡು ಇಡಬೇಕು. ಚೆಂಡು ಗುಳಿಗಿಂತ ದೊಡ್ಡದಾದ್ದರಿಂದ ಒಳಗಿಳಿಯದೆ ಮುಚ್ಚಳದಂತೆ ಮೇಲೆ ಕೂರುತ್ತದೆ. ಗುಳಿಗಳು ಒತ್ತೊತ್ತಾಗಿದ್ದರೆ ಒಂದು ಬಿಟ್ಟು ಒಂದಕ್ಕೆ ಇಟ್ಟರಾಯಿತು. ಬೀಡಿನ ಹಂಚಾದರೆ ಅದರ ಭಾರಕ್ಕೆ ಜಾರುವುದಿಲ್ಲ. ನಾಯಿ ಮೊದಲು ಪಂಜದಿಂದ ಕೆರೆದು ನೋಡುತ್ತದೆ, ಆಮೇಲೆ ಮೂಗಿನಿಂದ ಚೆಂಡನ್ನು ಪಕ್ಕಕ್ಕೆ ತಳ್ಳುವ ಉಪಾಯ ಹೊಳೆಯುತ್ತದೆ, ಕೆಲವು ಚೆಂಡನ್ನು ಬಾಯಲ್ಲಿ ಕಚ್ಚಿ ಅತ್ತ ಒಯ್ದು ಇಟ್ಟು ಬರುತ್ತವೆ. ಈ ಉಪಾಯ ರೂಢಿಯಾದ ಮೇಲೆ ಎಲ್ಲ ಗುಳಿಗಳನ್ನೂ ತುಂಬದೆ ಎರಡು ಮೂರರಲ್ಲಿ ಮಾತ್ರ ಚೂರಿಟ್ಟು ಉಳಿದವನ್ನು ಖಾಲಿ ಮುಚ್ಚಿದರೆ, ಚೆಂಡು ತೆಗೆಯುವ ಮೊದಲೇ ಮೂಸಿ ನಿರ್ಧರಿಸುವುದನ್ನು ಅದು ಕಲಿಯುತ್ತದೆ. ಆಟ ಮುಗಿದೊಡನೆ ಚೆಂಡುಗಳನ್ನು ಎತ್ತಿಡುವುದು ಕಡ್ಡಾಯ. ದೊಡ್ಡ ದವಡೆಯ ನಾಯಿ ಟೆನಿಸ್ ಚೆಂಡನ್ನು ಸೀಳಿ ಚೂರು ನುಂಗಬಹುದು, ಗಂಟಲಿಗೆ ಸಿಕ್ಕಿಸಿಕೊಳ್ಳಲೂಬಹುದು.

ಹಳೆಯ ಟವೆಲ್ಲಿನ ಮೇಲೆ ಆಹಾರ ಚೆಲ್ಲಿ ಸುರುಳಿ ಸುತ್ತಿಕೊಡುವುದು, ಪಿನ್ನು ಮತ್ತು ಅಂಟುಪಟ್ಟಿ ಕಿತ್ತ ಕೊರಿಯರ್ ಪೆಟ್ಟಿಗೆಯಲ್ಲಿ ಮುದುಡಿದ ಕಾಗದದ ನಡುವೆ ಚೂರುಗಳನ್ನು ಬೆರೆಸಿಡುವುದು ಇದೇ ಜಾತಿಯ ಆಟಗಳು. ಬಟ್ಟೆ ಅಥವಾ ರಟ್ಟನ್ನು ನುಂಗುವ ಚಟವಿರುವ ನಾಯಿಗೆ ಮಾತ್ರ ಇವು ಸಲ್ಲವು. ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನವನ್ನು ಪೊಳ್ಳು ರಬ್ಬರ್ ಆಟಿಕೆಯೊಳಗೆ ಒತ್ತಿ ತುಂಬಿ ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ಕೊಟ್ಟರೆ ಅರ್ಧ ಗಂಟೆ ನೆಕ್ಕುತ್ತ ಕೂರುತ್ತದೆ. ನೆಕ್ಕುವ, ಅಗಿಯುವ ಕೆಲಸ ನಾಯಿಯನ್ನು ಶಾಂತಗೊಳಿಸುತ್ತದೆ; ಮನೆಗೆ ನೆಂಟರು ಬರುವ ಹೊತ್ತಿಗೆ ಇದೊಂದು ಸಿದ್ಧವಿದ್ದರೆ ಬಹಳ ಉಪಕಾರ.

ಪಾಠ

ಪಾಠದ ಅವಧಿ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ನಾಯಿಗೆ ಬೇಸರ ಬರುವ ಮೊದಲೇ ನಿಲ್ಲಿಸಬೇಕು. ಸರಿಯಾದದ್ದನ್ನು ಮಾಡಿದ ಕ್ಷಣವನ್ನು ಗುರುತಿಸಿ ಹೇಳಲು ‘ಭಲೆ’ ಎಂಬಂಥ ಚಿಕ್ಕ ಪದವೊಂದನ್ನು ಆರಿಸಿಕೊಳ್ಳಿ. ಮೊದಲ ದಿನ ಏನನ್ನೂ ಮಾಡಿಸದೆ, ಆ ಪದ ಹೇಳುವುದು, ತಕ್ಷಣ ಚೂರು ಕೊಡುವುದು, ಇಷ್ಟನ್ನೇ ಹತ್ತು ಹದಿನೈದು ಸಲ ಮಾಡಿದರೆ ಪದಕ್ಕೂ ತಿನಿಸಿಗೂ ನಂಟು ಬೆಳೆಯುತ್ತದೆ. ರಷ್ಯದ ವಿಜ್ಞಾನಿ ಪಾವ್ಲೊವ್ ತನ್ನ ಪ್ರಯೋಗಾಲಯದ ನಾಯಿಗಳಲ್ಲಿ ಕಂಡದ್ದು ಇದೇ ನಂಟನ್ನು. ಆಮೇಲಿನ ಪಾಠಗಳಲ್ಲಿ ನಾಯಿಯ ಹಿಂಭಾಗ ನೆಲಕ್ಕೆ ತಾಗಿದ ಕ್ಷಣದಲ್ಲೇ ಪದ ಬರಬೇಕು. ಎರಡು ಮೂರು ಸೆಕೆಂಡು ತಡವಾದರೆ ಅದು ಆಗಲೇ ಎದ್ದು ನಿಂತಿರುತ್ತದೆ, ನೀವು ಮೆಚ್ಚಿದ್ದು ಎದ್ದುದನ್ನು ಎಂದಾಗುತ್ತದೆ.

ಮನೆಮಂದಿಯೆಲ್ಲ ಒಂದೇ ಆಜ್ಞೆಯನ್ನು ಬಳಸುವುದು ಅಗತ್ಯ. ಅಜ್ಜಿ ‘ಕೂತ್ಕೋ’ ಎನ್ನುತ್ತ, ಮಕ್ಕಳು ‘ಸಿಟ್’ ಎನ್ನುತ್ತ, ಯಜಮಾನರು ಹೆಸರನ್ನೇ ನಾಲ್ಕು ಸಲ ಕೂಗುತ್ತಿದ್ದರೆ ನಾಯಿ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಜ್ಞೆಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡುವುದು ನೋಡಲು ಚಂದವಲ್ಲ, ಆದರೆ ಪ್ರಯೋಜನಕ್ಕೆ ಬರುತ್ತದೆ.

ಫ್ಲ್ಯಾಟಿನಲ್ಲಿ ಅತ್ಯಂತ ಉಪಯುಕ್ತವಾದ ಪಾಠವೆಂದರೆ ‘ಜಾಗ’. ಬಾಗಿಲಿನಿಂದ ಸ್ವಲ್ಪ ದೂರದಲ್ಲಿ, ಮನೆಯವರು ಕಾಣುವಲ್ಲಿ ಒಂದು ಚಾಪೆ ಹಾಸಿ, ನಾಯಿ ಅದರ ಮೇಲೆ ಕಾಲಿಟ್ಟಾಗಲೆಲ್ಲ ಭಲೆ ಎಂದು ಚೂರನ್ನು ಚಾಪೆಯ ಮೇಲೇ ಹಾಕಬೇಕು. ಕೈಯಲ್ಲಿ ಕೊಟ್ಟರೆ ನಾಯಿ ಕೈಯ ಹಿಂದೆ ಬರುತ್ತದೆ. ಚಾಪೆಯ ಮೇಲೆ ಸಿಕ್ಕರೆ ಚಾಪೆಯೇ ಪ್ರಿಯವಾಗುತ್ತದೆ. ತಾನಾಗಿ ಹೋಗಿ ಮಲಗತೊಡಗಿದ ಮೇಲೆ ಆಜ್ಞೆಯ ಪದ ಸೇರಿಸಿ, ಅಲ್ಲಿರುವ ಅವಧಿಯನ್ನು ಐದು ಸೆಕೆಂಡಿನಿಂದ ಹತ್ತಕ್ಕೆ, ಅರ್ಧ ನಿಮಿಷಕ್ಕೆ ಹಿಗ್ಗಿಸುತ್ತ ಬರಬೇಕು. ಕೊನೆಗೆ ಮನೆಯವರಲ್ಲೊಬ್ಬರು ಹೊರಗೆ ನಿಂತು ಕರೆಗಂಟೆ ಒತ್ತುವುದು, ನಾಯಿಯನ್ನು ಜಾಗಕ್ಕೆ ಕಳಿಸಿ ತಿನಿಸು ಕೊಡುವುದು, ಇದನ್ನು ಹಲವು ದಿನ ಮಾಡಿದರೆ ಗಂಟೆಯ ಸದ್ದೇ ಚಾಪೆಗೆ ಹೋಗುವ ಸೂಚನೆಯಾಗುತ್ತದೆ.

ಕುಕ್ಕರಿನ ಸೀಟಿ, ಮಿಕ್ಸಿ, ದೀಪಾವಳಿಯ ಪಟಾಕಿಗಳಿಗೆ ಹೆದರುವ ನಾಯಿಗೂ ಮಳೆಗಾಲದ ಬಿಡುವನ್ನು ಬಳಸಿಕೊಳ್ಳಬಹುದು. ಆ ಸದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ನಾಯಿ ಕಿವಿಯನ್ನಷ್ಟೇ ಅಲುಗಿಸುವಷ್ಟು ಸಣ್ಣಗೆ ಹಾಕಿ ಆ ಹೊತ್ತಿಗೇ ಇಷ್ಟದ ತಿನಿಸು ಕೊಡಬೇಕು. ವಾರಗಳ ಅವಧಿಯಲ್ಲಿ ಸದ್ದನ್ನು ತುಸು ತುಸುವೇ ಏರಿಸಬೇಕು. ಬಾಲ ಮುದುರಿ, ತುಟಿ ನೆಕ್ಕಿ, ತಿನಿಸನ್ನೂ ಮುಟ್ಟದಿದ್ದರೆ ಸದ್ದು ಹೆಚ್ಚಾಯಿತೆಂದೇ ಅರ್ಥ.

ಕಾಲಿಗೆ ಕೆಲಸ

ಎಳೆದಾಟ ಚಿಕ್ಕ ಜಾಗಕ್ಕೆ ಹೇಳಿಮಾಡಿಸಿದ ವ್ಯಾಯಾಮ. ಹಗ್ಗವನ್ನು ನೆಲದ ಮಟ್ಟದಲ್ಲಿ ಹಿಡಿದು ಅಡ್ಡಕ್ಕೆ ಆಡಿಸಬೇಕು, ಮೇಲಕ್ಕೆ ಎತ್ತಿದರೆ ಕತ್ತಿಗೆ ನೋವಾಗುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಹಗ್ಗ ಎಳೆಯುವುದನ್ನು ನಿಲ್ಲಿಸಿ ‘ಬಿಡು’ ಎನ್ನುವುದು, ಬಿಟ್ಟೊಡನೆ ಮತ್ತೆ ಆಟ ಆರಂಭಿಸುವುದು; ಬಿಟ್ಟರೆ ಆಟ ಮುಂದುವರಿಯುತ್ತದೆಂದು ತಿಳಿದ ನಾಯಿ ಚಪ್ಪಲಿಯನ್ನೂ ಜಗಳವಿಲ್ಲದೆ ಒಪ್ಪಿಸುತ್ತದೆ. ಹಲ್ಲು ಕೈಗೆ ತಾಗಿದರೆ ಆಟ ಅಲ್ಲಿಗೇ ನಿಲ್ಲಬೇಕು. ಚಿಕ್ಕ ಮಕ್ಕಳನ್ನು ದೊಡ್ಡವರಿಲ್ಲದೆ ಈ ಆಟಕ್ಕೆ ಬಿಡಬಾರದು.

ನೆಲದ ಮೇಲೆ ರಬ್ಬರ್ ಚಾಪೆ ಅಥವಾ ಜಮಖಾನೆ ಹಾಸುವುದು, ಉಗುರು ಕತ್ತರಿಸಿರುವುದು, ಊಟವಾದ ಒಂದು ಗಂಟೆಯೊಳಗೆ ಓಡಾಟ ಬೇಡವೆನ್ನುವುದು ಎಲ್ಲ ನಾಯಿಗಳಿಗೂ ಅನ್ವಯ. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಮಾರಕ ತೊಂದರೆಯ ಅಪಾಯ ಹೆಚ್ಚು. ಅವಕ್ಕೆ ಈ ಎಚ್ಚರ ಇನ್ನೂ ಮುಖ್ಯ. ಸುಮಾರು ಒಂದು ವರ್ಷದವರೆಗೆ, ದೊಡ್ಡ ತಳಿಗಳಲ್ಲಿ ಹದಿನೆಂಟು ತಿಂಗಳವರೆಗೂ ಮೂಳೆಯ ಬೆಳೆಯುವ ತುದಿಗಳು ಮುಚ್ಚಿಕೊಂಡಿರುವುದಿಲ್ಲ. ಮರಿಗಳನ್ನು ಮೇಲಿಂದ ಮೇಲೆ ಮಂಚದಿಂದ ಹಾರಿಸುವುದು, ಮೆಟ್ಟಿಲು ಹತ್ತಿಳಿಸುವುದು ಅದಕ್ಕಾಗಿಯೇ ಬೇಡ. ಸೊಂಟದ ಕೀಲಿನ ತೊಂದರೆಗೆ ಹೆಸರಾದ ಲ್ಯಾಬ್ರಡಾರಿಗೆ ದೊಡ್ಡದಾದ ಮೇಲೂ ಮೆಟ್ಟಿಲಿನ ಓಟ ವ್ಯಾಯಾಮವಾಗಲಾರದು. ಲೇಸರ್ ಬೆಳಕಿನ ಚುಕ್ಕೆ ಓಡಿಸುವ ಆಟವನ್ನು ಪೂರ್ತಿ ಬಿಟ್ಟುಬಿಡುವುದು ಲೇಸು. ಎಂದಿಗೂ ಕೈಗೆ ಸಿಗದ ಬೇಟೆಯ ಹಿಂದೆ ಓಡಿ ಓಡಿ ಕೆಲವು ನಾಯಿಗಳು ಗೋಡೆಯ ಮೇಲಿನ ನೆರಳನ್ನೂ ಬೆನ್ನಟ್ಟುವ ಗೀಳಿಗೆ ಬೀಳುತ್ತವೆ.

ಮುಧೋಳ ನಾಯಿಯ ವಿಷಯ ಬೇರೆ. ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಮೊಲವನ್ನು ಕಣ್ಣಿನಿಂದಲೇ ಗುರುತಿಸಿ ಅಟ್ಟಿ ಹಿಡಿಯುತ್ತಿದ್ದ ತಳಿಯದು. ಮುಧೋಳದ ಬಳಿ ತಿಮ್ಮಾಪುರದಲ್ಲಿರುವ ಸಂಶೋಧನಾ ಕೇಂದ್ರದಿಂದಲೋ ಅಲ್ಲಿನ ಸಾಕಣೆದಾರರಿಂದಲೋ ಮರಿ ತಂದು ನಗರದ ಎರಡು ಕೋಣೆಯ ಮನೆಯಲ್ಲಿ ಸಾಕುವವರು, ಮಳೆ ಬಿಟ್ಟಾಗಲೆಲ್ಲ ಅದನ್ನು ಬೇಲಿಯಿರುವ ಬಯಲಿಗೆ ಕರೆದೊಯ್ದು ಓಡಲು ಬಿಡಲೇಬೇಕು. ಮನೆಯೊಳಗೆ ಕೋಲಿನ ತುದಿಗೆ ಹಗ್ಗ, ಹಗ್ಗಕ್ಕೆ ಬಟ್ಟೆಯ ತುಂಡು ಕಟ್ಟಿ ಚಾಪೆಯ ಮೇಲೆ ನಿಧಾನವಾಗಿ ಎಳೆದಾಡಿಸುವುದು ಅದಕ್ಕೆ ಮೂಗಿನ ಆಟಕ್ಕಿಂತ ಬೇಗ ಹಿಡಿಸುತ್ತದೆ. ಪ್ರತಿ ಸಲ ಒಂದೆರಡು ಸುತ್ತಿನಲ್ಲೇ ಬಟ್ಟೆಯನ್ನು ಹಿಡಿಯಲು ಬಿಡಬೇಕು. ನಾಡಿನ ಬೀದಿತಳಿಯ ನಾಯಿಗಳಿಗೆ ಇಂಥ ಒಲವುಭೇದ ಅಷ್ಟಿಲ್ಲ, ಎಲ್ಲದಕ್ಕೂ ಸೈ.

ಇಷ್ಟೆಲ್ಲ ಮಾಡಿದರೂ ಬೆಳೆದ ನಾಯಿ ದಿನದ ಅರ್ಧ ಭಾಗವನ್ನು, ಮರಿಯಾದರೆ ಹದಿನೆಂಟು ಗಂಟೆಗಳನ್ನೂ ನಿದ್ದೆಯಲ್ಲೇ ಕಳೆಯುತ್ತದೆ, ಕಳೆಯಬೇಕು ಕೂಡ. ಸಂಜೆ ಮರಿ ಹುಚ್ಚೆದ್ದು ಕಚ್ಚಾಡುತ್ತಿದ್ದರೆ ಮತ್ತೊಂದು ಆಟಕ್ಕೆ ಎಳೆಯದೆ, ಕೋಣೆಯ ದೀಪ ಆರಿಸಿ ಅದರ ಹಾಸಿಗೆಗೆ ಬಿಡುವುದೇ ಸರಿಯಾದ ಕ್ರಮ. ವಯಸ್ಸಾಗಿ ಕಣ್ಣು, ಕಿವಿ ಮಂದವಾದ ನಾಯಿಗೂ ಮೂಗು ಬಹುಕಾಲ ಕೆಲಸ ಮಾಡುತ್ತಿರುತ್ತದೆ. ಅದಕ್ಕೆ ಪಡ್ಡಿನ ಹಂಚನ್ನು ನೆಲದಿಂದ ತುಸು ಎತ್ತರದ ಮಣೆಯ ಮೇಲಿಟ್ಟು, ಕತ್ತು ಬಗ್ಗಿಸದೆ ಮೂಸುವಂತೆ ಮಾಡಿಕೊಡಬೇಕು. ನಿನ್ನೆಯವರೆಗೆ ಉತ್ಸಾಹದಿಂದ ಹುಡುಕುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ತಿನಿಸನ್ನು ಮೂಸಿಯೂ ಬಿಟ್ಟು ಹೋದರೆ, ಏಳುವಾಗ ಮುಲುಗಿದರೆ, ಆಟದ ಬಗೆಯನ್ನು ಬದಲಿಸುತ್ತ ಕೂರದೆ ಅಂದೇ ಪಶುವೈದ್ಯರಿಗೆ ತೋರಿಸಬೇಕು.